ಹಲಗೆ ಯಾರದು, ಹೊಣೆ ಯಾರದು?
(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಕಂಪ್ಯೂಟರಿನ ಒಡಲಲ್ಲಿ ಮದರ್‌ಬೋರ್ಡ್ ಎಂಬುದೊಂದುಂಟು, ತಾಯಿಹಲಗೆ ಎನ್ನೋಣ. ಉಳಿದ ಅಂಗಗಳೆಲ್ಲ ಅದನ್ನೇ ಆಶ್ರಯಿಸಿರುತ್ತವೆ. ಆದರೆ ಪೆಟ್ಟಿಗೆಯ ಮೇಲೆ ಹೆಸರಿರುವ ಕಂಪನಿ ಎಷ್ಟೋ ವೇಳೆ ಈ ಹಲಗೆಯನ್ನು ತಾನು ಮಾಡಿರುವುದಿಲ್ಲ. ಮೊದಮೊದಲು ತಯಾರಿಕೆಯಷ್ಟೇ ತೈವಾನಿಗೆ ಹೋಯಿತು. ಬರಬರುತ್ತ ನಕ್ಷೆ ಬರೆಯುವ ಕೆಲಸವೂ ಅದರ ಹಿಂದೆಯೇ ನಡೆಯಿತು.

ಇದರಲ್ಲಿ ತಪ್ಪೇನು? ಬೆಲೆ ಇಳಿಯಿತು, ನಮ್ಮಂಥವರ ಕೈಗೂ ಎಟುಕಿತು. ನಿಜ. ಆದರೆ ಸುಮಾರು 1999ರಿಂದ ಕೆಲವು ವರ್ಷ ನಡೆದ ಸಂಗತಿಯೊಂದನ್ನು ಕೇಳಿ. ಹಲಗೆಯ ಮೇಲೆ ಬೆರಳ ತುದಿಯಷ್ಟು ಗಾತ್ರದ ಕೆಪಾಸಿಟರುಗಳಿರುತ್ತವೆ. ಪ್ರೊಸೆಸರಿಗೆ ಹೋಗುವ ವಿದ್ಯುತ್ತನ್ನು ಏರಿಳಿತವಿಲ್ಲದಂತೆ ಕಾಯುವುದು ಅವುಗಳ ಕೆಲಸ. ಒಳಗೆ ಅಲ್ಯುಮಿನಿಯಂ ಹಾಳೆ, ದ್ರವದಲ್ಲಿ ನೆನೆದ ಕಾಗದ. ಆ ದ್ರವದಲ್ಲಿ ನೀರಿನ ಅಂಶ ಹೆಚ್ಚಿದ್ದು, ಲೋಹವನ್ನು ಕಾಪಾಡುವ ರಾಸಾಯನಿಕ ಸರಿಯಿಲ್ಲದಿದ್ದರೆ, ಹೈಡ್ರೊಜನ್ ಹುಟ್ಟಿ ತಲೆ ಉಬ್ಬುತ್ತದೆ. ಬಿರಿದು ಕಂದು ರಸ ಒಸರುತ್ತದೆ. ತೈವಾನಿನ ಹಲವು ತಯಾರಕರ ಕೆಪಾಸಿಟರುಗಳು ಹೀಗೆ ಕೆಟ್ಟವು. ಕಾರ್ಖಾನೆಯ ಬಾಗಿಲಲ್ಲಿ ಪರೀಕ್ಷಿಸಿದಾಗ ಎಲ್ಲವೂ ಸರಿಯೇ ಇತ್ತು. ಹಲಗೆ ಸತ್ತದ್ದು ವರ್ಷ, ಎರಡು ವರ್ಷ ಕಳೆದ ಮೇಲೆ.

ಕೆಪಾಸಿಟರಿನ ದೋಷ ದೊಡ್ಡವರನ್ನೂ ಬಿಡಲಿಲ್ಲ. ಆಪ್ಟಿಪ್ಲೆಕ್ಸ್ ಕಂಪ್ಯೂಟರುಗಳ ದುರಸ್ತಿಗಾಗಿ ಡೆಲ್ ಕಂಪನಿ 2005ರಲ್ಲಿ 30 ಕೋಟಿ ಡಾಲರ್ ತೆಗೆದಿರಿಸಬೇಕಾಯಿತು. ಆ ಬಿಡಿಭಾಗ ಡೆಲ್ ಮಾಡಿದ್ದಲ್ಲ. ಆದರೂ ಗಿರಾಕಿ ದೂರಿದ್ದು ಡೆಲ್ಲನ್ನೇ.

ಹೊರಗೆ ಮಾಡಿಸುವುದು ದೋಷವೆಂದು ನಾನು ಹೇಳುತ್ತಿಲ್ಲ. ಮಾಡಿಸುವವನು ಪರೀಕ್ಷಿಸುವ ವಿದ್ಯೆಯನ್ನೇ ಮರೆಯುವುದು ದೋಷ. ಈ ಬಿಡಿಭಾಗ ಯಾರದು? 105 ಡಿಗ್ರಿ ಕಾವಿನಲ್ಲಿ ಎಷ್ಟು ಸಾವಿರ ಗಂಟೆ ಬಾಳೀತು? ಇದನ್ನು ಕೇಳಬಲ್ಲವರು ಕೊಳ್ಳುವ ಕಡೆಯಲ್ಲಿಯೂ ಇರತಕ್ಕದ್ದು.

ಈ ಮಾತು ನಮಗೇಕೆ ಎನ್ನಬಹುದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿನಲ್ಲಿ ಕೇಂದ್ರ ತೆರೆದಂದಿನಿಂದ, ದೂರದೇಶದ ಕಂಪನಿಗಳ ವಿನ್ಯಾಸದ ಕೆಲಸ ನಮ್ಮವರ ಕೈಗೂ ಬಂದಿದೆ. ಇಲ್ಲಿ ಕುಳಿತ ತಾಯಿತಂದೆಯರಲ್ಲಿ ಕೆಲವರ ಮಕ್ಕಳೂ ಆ ಕೆಲಸದಲ್ಲಿದ್ದಾರು. ನಾಲ್ಕು ಕಾಸು ಉಳಿಸುವ ಬಿಡಿಭಾಗ ಸಾಕೆಂದು ಮೇಲಿನವರು ಹೇಳಿದಾಗ, ಇದು ಬಹುಕಾಲ ಬಾಳದು ಎಂದು ಕಾರಣಸಹಿತ ಬರೆದುಕೊಡುವ ಧೈರ್ಯ ಆ ಮಕ್ಕಳಿಗೆ ಬರಲಿ. ಹಲಗೆಯ ಮೇಲೆ ಅವರ ಹೆಸರು ಇರುವುದಿಲ್ಲ. ಅದನ್ನು ನಂಬಿ ಕೊಂಡ ಮನೆಯೊಂದು ಇದ್ದೇ ಇರುತ್ತದೆ.