ನಿಧಿಯೋ, ನಿಕ್ಷೇಪವೋ?

ನಮ್ಮ ಹಳೆಯ ದಾನಶಾಸನಗಳಲ್ಲಿಯೂ ಕ್ರಯಪತ್ರಗಳಲ್ಲಿಯೂ ಭೂಮಿಯನ್ನು ಕೊಡುವಾಗ ಅದಕ್ಕೆ ಸೇರಿದ ಎಂಟು ಬಗೆಯ ಹಕ್ಕುಗಳನ್ನು ಎಣಿಸಿ ಕೊಡುವ ಪದ್ಧತಿಯಿತ್ತು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಈ ಎಂಟನ್ನೂ ಕೂಡಿಸಿ ಅಷ್ಟಭೋಗ ತೇಜಸ್ವಾಮ್ಯವೆಂದು ಕರೆಯುತ್ತಿದ್ದರು. ಇವುಗಳಲ್ಲಿ ಮೊದಲಿನ ಎರಡನ್ನು ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ; ಎರಡರ ಅರ್ಥವೂ ಒಂದೇ ಎಂದು ಭಾವಿಸುತ್ತೇವೆ. ಆದರೆ ನಮ್ಮ ಹಿರಿಯರು ಎರಡು ಪದಗಳನ್ನು ಸುಮ್ಮನೆ ಬಳಸಲಿಲ್ಲ. ನಿಧಿಯೆಂದರೆ ಒಡೆಯನಾರೆಂಬ ನೆನಪೇ ಅಳಿದುಹೋದ ನೆಲದಡಿಯ ಧನ. ನಿಕ್ಷೇಪವಾದರೋ, ಧರ್ಮಶಾಸ್ತ್ರದ ಪರಿಭಾಷೆಯಲ್ಲಿ, ಒಬ್ಬನು ನಂಬಿಕೆಯಿಂದ ಇನ್ನೊಬ್ಬನ ಬಳಿ ಇರಿಸಿಹೋದ ವಸ್ತು. ಒಂದಕ್ಕೆ ಒಡೆಯನಿಲ್ಲ, ಇನ್ನೊಂದರ ಒಡೆಯ ಸದ್ಯಕ್ಕೆ ಎದುರಿಗಿಲ್ಲ, ಅಷ್ಟೆ.

ಈ ಭೇದ ನನಗೆ ಮತ್ತೆ ನೆನಪಾದದ್ದು ಅಮೆರಿಕ ದೇಶದ ಒಂದು ಪ್ರಶ್ನೆಯನ್ನು ಕುರಿತು ಯೋಚಿಸುತ್ತಿದ್ದಾಗ. ಸಾಲ ತೀರದೆ ಬ್ಯಾಂಕಿನ ವಶವಾದ ಮನೆಯ ಹಿತ್ತಲಿನಲ್ಲಿ, ಲೋಹಶೋಧಕ ಯಂತ್ರವನ್ನು ಹಿಡಿದು ಹುಡುಕಬಯಸುವವನು ಯಾರ ಅಪ್ಪಣೆಯನ್ನು ಪಡೆಯಬೇಕು? ಕೇಳಿದೊಡನೆ ಇದು ಕ್ಷುಲ್ಲಕವೆಂದು ತೋರಬಹುದು. ಸ್ವಲ್ಪ ಬಗೆದು ನೋಡಿದರೆ, ಒಡೆತನವೆಂದರೇನು ಎಂಬ ಪುರಾತನ ಪ್ರಶ್ನೆಯೇ ಇದರ ಅಡಿಯಲ್ಲಿ ಇದೆ.

ಮೊದಲು ಯಂತ್ರದ ಮಾತು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಗುಂಡೇಟು ತಿಂದು ಮಲಗಿದ್ದಾಗ, ಅವರ ಮೈಯೊಳಗಿನ ಗುಂಡನ್ನು ಪತ್ತೆಮಾಡಲು ದೂರವಾಣಿಯ ಜನಕ ಅಲೆಕ್ಸಾಂಡರ್ ಗ್ರಹಾಂ ಬೆಲ್ ಒಂದು ಉಪಕರಣವನ್ನು ಸಿದ್ಧಪಡಿಸಿದರು. ಪ್ರಯತ್ನ ಫಲಿಸಲಿಲ್ಲ, ಅಧ್ಯಕ್ಷರು ಬದುಕಲಿಲ್ಲ. ಆದರೆ ಉಪಾಯ ಉಳಿಯಿತು. 1930ರ ದಶಕದಲ್ಲಿ ಗೆರ್ಹಾರ್ಡ್ ಫಿಶರ್ ಅದೇ ಬಗೆಯ ಯಂತ್ರಕ್ಕೆ ಪೇಟೆಂಟ್ ಪಡೆದರು. ಎರಡನೆಯ ಮಹಾಯುದ್ಧದಲ್ಲಿ ನೆಲಬಾಂಬುಗಳನ್ನು ಹುಡುಕಿದ ಈ ವಿದ್ಯೆ, ಯುದ್ಧಾನಂತರ ಹವ್ಯಾಸಿಗಳ ಕೈಗೆ ಬಂದಿತು. ಕೋಲಿನ ತುದಿಯ ತಂತಿಸುರುಳಿಯಲ್ಲಿ ವಿದ್ಯುತ್ತು ಹರಿದು ಕಾಂತಕ್ಷೇತ್ರ ಉಂಟಾಗುತ್ತದೆ. ನೆಲದೊಳಗೆ ಲೋಹವಿದ್ದರೆ ಅದರಲ್ಲಿ ಸುಳಿಯಂಥ ಸಣ್ಣ ಪ್ರವಾಹಗಳೆದ್ದು ಮರುದನಿ ಕೊಡುತ್ತವೆ. ಸಿಕ್ಕುವುದು ಬಹುಮಟ್ಟಿಗೆ ಮೊಳೆ, ಶೀಶೆಯ ಮುಚ್ಚಳ. ಆಗೊಮ್ಮೆ ಈಗೊಮ್ಮೆ ಹಳೆಯ ನಾಣ್ಯ, ಸೈನಿಕನ ಗುಂಡಿ, ಮಗುವಿನ ಆಟಿಕೆ, ಒಂದು ಉಂಗುರ.

ರೈತನ ಹೊಲವಾದರೆ ಬಾಗಿಲು ತಟ್ಟಿ ಕೇಳಬಹುದು. ಬಾಗಿಲು ತೆರೆಯುವವರೇ ಇಲ್ಲದ ಮನೆಯಲ್ಲಿ ಏನು ಮಾಡುವುದು? 2008ರ ಆರ್ಥಿಕ ಕುಸಿತದ ತರುವಾಯ ಆ ದೇಶದಲ್ಲಿ ಇಂಥ ಮನೆಗಳು ಬೀದಿಬೀದಿಗೆ ಕಾಣಿಸಿಕೊಂಡವು. ಮನೆಯನ್ನೇ ಅಡಮಾನವಿಟ್ಟು ಸಾಲ ಪಡೆದವರು ಕಂತು ಕಟ್ಟಲಾರದೆ ಹೋದರು. 2010ನೆಯ ವರ್ಷವೊಂದರಲ್ಲೇ 28 ಲಕ್ಷಕ್ಕೂ ಮೀರಿದ ಆಸ್ತಿಗಳ ಮೇಲೆ ಜಪ್ತಿಯ ಕ್ರಮ ಜರುಗಿತು. ಹರಾಜಿನಲ್ಲಿ ಕೊಳ್ಳುವವರಿಲ್ಲದ ಮನೆ ಸಾಲ ಕೊಟ್ಟ ಬ್ಯಾಂಕಿನದೇ ಆಗುತ್ತಿತ್ತು. ಹುಲ್ಲು ಮೊಣಕಾಲೆತ್ತರ ಬೆಳೆದ ಅಂಗಳ, ಬೀಗ ಜಡಿದ ಬಾಗಿಲು, ಕಿಟಕಿಗೆ ಅಂಟಿಸಿದ ನೋಟೀಸು. ಹವ್ಯಾಸಿಗೆ ಆಗುವ ಮೊದಲ ಪ್ರಲೋಭನೆ ಸಹಜವಾದುದೇ: ಇಲ್ಲಿ ಕೇಳುವವರಾರೂ ಇಲ್ಲ.

ಕಾನೂನು ಇದನ್ನು ಒಪ್ಪುವುದಿಲ್ಲ. ಜನರಿಲ್ಲದ ಮನೆ ಒಡೆಯನಿಲ್ಲದ ಮನೆಯಲ್ಲ; ಅಪ್ಪಣೆಯಿಲ್ಲದೆ ಕಾಲಿಟ್ಟರೆ ಅದು ಅತಿಕ್ರಮಪ್ರವೇಶವೇ. ಆದಕಾರಣ ವಿವೇಕಿಯಾದವನು ಮೊದಲು ಜಿಲ್ಲೆಯ ದಾಖಲೆ ಕಚೇರಿಗೆ ಹೋಗುತ್ತಾನೆ. ಅಲ್ಲಿ ಜಮೀನಿನ ಪತ್ರಗಳು ಸಾರ್ವಜನಿಕರ ಪರಿಶೀಲನೆಗೆ ತೆರೆದಿರುತ್ತವೆ. ಆದರೆ ಅಲ್ಲಿಯೂ ದಾರಿ ನೇರವಲ್ಲ. ಕೆಲವು ರಾಜ್ಯಗಳಲ್ಲಿ ಹರಾಜಾದ ಬಳಿಕವೂ ಸಾಲಗಾರನು ಗೊತ್ತಾದ ಅವಧಿಯೊಳಗೆ ಹಣ ಕಟ್ಟಿ ಮನೆಯನ್ನು ಬಿಡಿಸಿಕೊಳ್ಳಬಹುದು. ಮಿಶಿಗನ್ ರಾಜ್ಯದಲ್ಲಿ ಈ ಅವಧಿ ಸಾಮಾನ್ಯವಾಗಿ ಆರು ತಿಂಗಳು. ಕೆಲವೆಡೆ ನೋಟೀಸಿಗೆ ಹೆದರಿ ಮನೆಯವರು ಹೊರಟುಹೋಗಿರುತ್ತಾರೆ. ಬ್ಯಾಂಕು ಮಾತ್ರ ಕ್ರಮವನ್ನು ಪೂರ್ತಿ ಮಾಡಿರುವುದಿಲ್ಲ. ಆಗ ಪತ್ರದ ಪ್ರಕಾರ, ಊರು ಬಿಟ್ಟವನೇ ಇನ್ನೂ ಒಡೆಯ! ಇನ್ನು ಕೆಲವೆಡೆ ಸಾಲಪತ್ರ ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಎಷ್ಟು ಬಾರಿ ಕೈಬದಲಾಗಿತ್ತೆಂದರೆ, ಮನೆಯನ್ನು ಜಪ್ತಿ ಮಾಡಲು ಬಂದವರಿಗೇ ಆ ಹಕ್ಕು ಉಂಟೆ ಎಂಬ ವಿವಾದ ನ್ಯಾಯಾಲಯವನ್ನು ಮುಟ್ಟಿತು. ಓದದೆಯೇ ಸಾವಿರಾರು ಪತ್ರಗಳಿಗೆ ರುಜು ಹಾಕಿದ ಸಂಗತಿ 2010ರಲ್ಲಿ ಬಯಲಾಯಿತು. 2012ರಲ್ಲಿ ಐದು ದೊಡ್ಡ ಬ್ಯಾಂಕುಗಳು 49 ರಾಜ್ಯಗಳೊಡನೆಯೂ ಕೇಂದ್ರ ಸರ್ಕಾರದೊಡನೆಯೂ ಸುಮಾರು 2,500 ಕೋಟಿ ಡಾಲರುಗಳ ಒಪ್ಪಂದಕ್ಕೆ ಬರಬೇಕಾಯಿತು.

ಒಡೆಯ ಬ್ಯಾಂಕೇ ಎಂದು ಖಚಿತವಾಯಿತೆನ್ನೋಣ. ಅಂಗಳದ ಫಲಕದಲ್ಲಿ ಮಾರಾಟದ ಪ್ರತಿನಿಧಿಯ ಹೆಸರಿರುತ್ತದೆ. ಆತ ಮನೆಯನ್ನು ತೋರಿಸಬಲ್ಲನೇ ಹೊರತು ನೆಲವನ್ನು ಅಗೆಯಲು ಅಪ್ಪಣೆ ಕೊಡಬಲ್ಲವನಲ್ಲ. ಆ ಅಧಿಕಾರ ದೂರದ ಊರಿನ ಯಾವುದೋ ವಿಭಾಗದ್ದು. ಅವರಿಗೆ ಉಂಗುರದ ಚಿಂತೆಯಿಲ್ಲ. ಬಂದವನು ಗುಂಡಿಯಲ್ಲಿ ಕಾಲು ಮುರಿದುಕೊಂಡು ಪರಿಹಾರದ ದಾವೆ ಹೂಡಿದರೆ ಏನು ಗತಿಯೆಂಬುದೇ ಅವರ ಚಿಂತೆ. ಆದ್ದರಿಂದ ಕೇಳುವವನು ಬರೆದು ಕೇಳಬೇಕು: ಯಾವ ದಿನ, ಎಷ್ಟು ಹೊತ್ತು, ಅಂಗಳದ ಯಾವ ಭಾಗ, ತನಗೆ ಅಪಾಯವಾದರೆ ತಾನೇ ಹೊಣೆ, ತೆಗೆದ ಮಣ್ಣನ್ನು ಮುಚ್ಚಿ ಹುಲ್ಲನ್ನು ಮತ್ತೆ ಹೊದಿಸುವೆ, ಸಿಕ್ಕಿದುದನ್ನೆಲ್ಲ ತೋರಿಸುವೆ. ಇಷ್ಟೆಲ್ಲ ಬರೆದರೂ ‘ಆಗದು’ ಎಂಬ ಉತ್ತರ ಬಂದರೆ, ಅದನ್ನು ಉತ್ತರವೆಂದೇ ಒಪ್ಪಿಕೊಳ್ಳಬೇಕು.

ಅಪ್ಪಣೆ ದೊರೆಯಿತೆಂದೇ ಭಾವಿಸೋಣ. ಆ ಮನೆಯ ಗೃಹಿಣಿ ಎಂದೋ ಹೂವಿನ ಮಡಿಯಲ್ಲಿ ಕಳೆ ಕೀಳುತ್ತಿದ್ದಾಗ ಜಾರಿಬಿದ್ದು, ವಾರಗಟ್ಟಲೆ ಹುಡುಕಿದರೂ ಸಿಕ್ಕದ ಮದುವೆಯ ಉಂಗುರ ಈಗ ಶೋಧಕನ ಅಂಗೈಯಲ್ಲಿದೆ. ಇದು ಯಾರದು? ಬ್ಯಾಂಕಿನದೆ? ಹುಡುಕಿದವನದೆ? ಅಮೆರಿಕದ ನ್ಯಾಯಾಲಯಗಳು ಸಿಕ್ಕ ವಸ್ತುಗಳನ್ನು ಸ್ಥೂಲವಾಗಿ ನಾಲ್ಕಾಗಿ ವಿಂಗಡಿಸಿವೆ: ಕಳೆದುಕೊಂಡದ್ದು, ಇಟ್ಟು ಮರೆತದ್ದು, ಬೇಡವೆಂದು ತೊರೆದದ್ದು, ಹೂತಿಟ್ಟ ನಿಧಿ. ನೆಲದಲ್ಲಿ ಹುದುಗಿದ್ದುದು ಅನೇಕ ವೇಳೆ ನೆಲದ ಒಡೆಯನಿಗೆ ಹೋಗುತ್ತದೆ. ಆದರೆ ಕಳೆದುಕೊಂಡವರು ತೊರೆದವರಲ್ಲ. ಜಪ್ತಿಯಾದದ್ದು ನೆಲ ಮತ್ತು ಕಟ್ಟಡ. ಬೆರಳಿನ ಉಂಗುರವನ್ನು ಅಡಮಾನಪತ್ರದಲ್ಲಿ ಯಾರೂ ಬರೆದುಕೊಟ್ಟಿರಲಿಲ್ಲ. 1722ರಷ್ಟು ಹಿಂದೆಯೇ ಇಂಗ್ಲೆಂಡಿನಲ್ಲಿ, ಹೊಗೆಗೂಡು ಗುಡಿಸುವ ಒಬ್ಬ ಹುಡುಗನಿಗೆ ಸಿಕ್ಕ ಒಡವೆಯ ಮೊಕದ್ದಮೆಯಲ್ಲಿ, ಸಿಕ್ಕವನ ಹಕ್ಕು ಲೋಕದ ಇತರರೆಲ್ಲರ ಎದುರಿಗೂ ನಿಲ್ಲುತ್ತದೆ, ನಿಜವಾದ ಒಡೆಯನ ಎದುರಿಗೆ ಮಾತ್ರ ನಿಲ್ಲುವುದಿಲ್ಲ ಎಂಬ ತತ್ತ್ವ ನಿರ್ಣಯವಾಗಿತ್ತು.

ಹುಡುಕುವವನ ಮನೋಧರ್ಮ ಹೇಗಿರಬೇಕೆಂಬುದಕ್ಕೆ ಅದೇ ಇಂಗ್ಲೆಂಡಿನ ಇನ್ನೊಂದು ಪ್ರಸಂಗ ನಿದರ್ಶನವಾಗಿದೆ. 1992ರ ನವೆಂಬರಿನಲ್ಲಿ ಸಫಕ್ ಪ್ರಾಂತದ ಹಾಕ್ಸನ್ ಎಂಬ ಹಳ್ಳಿಯಲ್ಲಿ ಎರಿಕ್ ಲಾಸ್ ಎಂಬವರು ಹೊಲಕ್ಕಿಳಿದದ್ದು ರೈತಮಿತ್ರನು ಕಳೆದುಕೊಂಡಿದ್ದ ಸುತ್ತಿಗೆಯನ್ನು ಹುಡುಕಿಕೊಡಲು. ಸಿಕ್ಕಿದ್ದು ರೋಮನರ ಕಾಲದ ಸುಮಾರು 15,000 ಚಿನ್ನ, ಬೆಳ್ಳಿ, ಕಂಚಿನ ನಾಣ್ಯಗಳ ಭಂಡಾರ. ಅವರು ಎಲ್ಲವನ್ನೂ ಬಾಚಿಕೊಳ್ಳಲಿಲ್ಲ. ಅಗೆಯುವುದನ್ನು ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದರು. ಬಂದ 17.5 ಲಕ್ಷ ಪೌಂಡುಗಳ ಬಹುಮಾನವನ್ನು ಮಿತ್ರನೊಡನೆ ಹಂಚಿಕೊಂಡರು. ಆ ಸುತ್ತಿಗೆಯೂ ಸಿಕ್ಕಿತು. ಅದೂ ಇಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಭಂಡಾರದ ಬೆಲೆಗಿಂತ ಆ ಸುತ್ತಿಗೆ ನನಗೆ ಹೆಚ್ಚಿನದಾಗಿ ಕಾಣುತ್ತದೆ. ಅದನ್ನು ಹುಡುಕಹೊರಟವನಿಗೆ ಕಳೆದುಕೊಂಡವನ ಮುಖ ನೆನಪಿನಲ್ಲಿತ್ತು.

ಮನುಸ್ಮೃತಿಯು ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ, ಎಂದರೆ ವ್ಯಾಜ್ಯದ ವಿಷಯಗಳಲ್ಲಿ, ಮೊದಲಿನ ಮೂರು ಇವು: ಸಾಲದ ವಸೂಲಿ, ನಿಕ್ಷೇಪ, ಒಡೆಯನಲ್ಲದವನು ಮಾಡಿದ ಮಾರಾಟ. ಬೀಗ ಬಿದ್ದ ಆ ಅಮೆರಿಕದ ಮನೆಯ ಕಥೆ ಈ ಮೂರರಲ್ಲಿಯೇ ಅಡಗಿದೆ. ಸಾಲ ಮನೆಯನ್ನು ನುಂಗಿತು. ಮನೆಯ ನೆಲದಲ್ಲಿ ಒಂದು ವಸ್ತು ಉಳಿಯಿತು. ಈಗ ಅದನ್ನೆತ್ತಿ ಮಾರುವವನು ಒಡೆಯನೆ ಎಂಬುದೇ ಪ್ರಶ್ನೆ. ಬ್ಯಾಂಕಿನ ಕಾಗದ ನಮಗೆ ಅಂಗಳದೊಳಗೆ ಕಾಲಿಡುವ ಅಪ್ಪಣೆಯನ್ನು ಕೊಡಬಲ್ಲುದು. ಆ ಉಂಗುರವನ್ನು ನಿಧಿಯೆಂದು ಕರೆಯುವ ಅಪ್ಪಣೆಯನ್ನು ಅದು ಕೊಡಲಾರದು.

ಹಾಗಾದರೆ ಊರು ಬಿಟ್ಟವರನ್ನು ಎಲ್ಲಿ ಹುಡುಕುವುದೆಂದು ಕೇಳಬಹುದು. ಹೊಸ ಒಡೆಯನ ಹೆಸರನ್ನು ತಿಳಿಯಲೆಂದು ಶೋಧಕನು ಮೊದಲ ದಿನ ದಾಖಲೆ ಕಚೇರಿಗೆ ಹೋಗಿದ್ದನಷ್ಟೆ? ಬ್ಯಾಂಕಿನ ಹೆಸರಿರುವ ಪತ್ರಕ್ಕೆ ಹಿಂದಿನ ಪತ್ರವನ್ನು ತೆಗೆದು ನೋಡಿದರಾಯಿತು. ಅವರ ಹೆಸರು ಅಲ್ಲಿಯೇ ಇರುತ್ತದೆ.