ಪಿಂಚಣಿಯ ಗಂಟು, ಪರದೇಶದ ನಂಟು



ಬೆಂಗಳೂರಿಗೆ ಒಂದು ಕಾಲದಲ್ಲಿ ‘ಪಿಂಚಣಿದಾರರ ಸ್ವರ್ಗ’ ಎಂಬ ಬಿರುದಿತ್ತು. ಹಿತವಾದ ಹವೆ, ಕೈಗೆಟುಕುವ ಬಾಡಿಗೆ, ಹತ್ತಿರದಲ್ಲೊಂದು ಆಸ್ಪತ್ರೆ. ನಿವೃತ್ತರು ಎಲ್ಲ ಕಾಲದಲ್ಲೂ ಬಯಸುವುದು ಇಷ್ಟನ್ನೇ. ಇದೇ ಬಯಕೆ ಹೊತ್ತು ಬ್ರಿಟನ್ನಿನ ಎಷ್ಟೋ ನಿವೃತ್ತರು ದೂರದ ಥಾಯ್ಲೆಂಡಿಗೆ ಹೋಗಿ ನೆಲೆಸುತ್ತಾರೆ. ಎಲ್ಲರೂ ಸಿರಿವಂತರಲ್ಲ. ತಾಯ್ನಾಡಿನಲ್ಲಿ ಬಾಡಿಗೆಗೂ ಬಿಸಿಯ ಖರ್ಚಿಗೂ ಸಾಲದ ಪಿಂಚಣಿ ಅಲ್ಲಿ ಸಾಕಾದೀತು ಎಂಬ ಲೆಕ್ಕ ಹಾಕಿ ಹೊರಟವರೂ ಇದ್ದಾರೆ. ಆ ಲೆಕ್ಕ ಎಲ್ಲಿ ಕೂಡುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದೇ ಇಂದಿನ ವಿಷಯ.

ಇಂಥವರ ಅಚ್ಚುಮೆಚ್ಚಿನ ಊರುಗಳಲ್ಲಿ ಒಂದು ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್. 1296ರಲ್ಲಿ ಮೆಂಗ್ರಾಯ್ ದೊರೆ ಕಟ್ಟಿದ ಈ ಊರಿನ ಸುತ್ತ ಇಂದಿಗೂ ಕಂದಕವಿದೆ, ಅದರಾಚೆ ಬೆಟ್ಟಗಳಿವೆ. ಬಾಡಿಗೆ ಬ್ಯಾಂಕಾಕಿಗಿಂತ ಕಡಿಮೆ. ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತ. ಆಮೇಲೆ ಏಪ್ರಿಲಿನವರೆಗೆ ಹೊಲಗಳಿಗೂ ಕಾಡಿಗೂ ಬಿದ್ದ ಬೆಂಕಿಯ ಹೊಗೆ ಊರನ್ನು ಕವಿಯುತ್ತದೆ. ಸ್ವರ್ಗಕ್ಕೂ ಹೊಗೆ ತಪ್ಪಿದ್ದಲ್ಲ.

ಬಂದವರನ್ನು ಥಾಯ್ಲೆಂಡ್ ಸುಮ್ಮನೆ ಇರಗೊಡುವುದಿಲ್ಲ. 50 ವರ್ಷ ತುಂಬಿರಬೇಕು. ಅಲ್ಲಿನ ಬ್ಯಾಂಕಿನಲ್ಲಿ ಎಂಟು ಲಕ್ಷ ಬಾಟ್ ಇರಬೇಕು, ಇಲ್ಲವೇ ತಿಂಗಳಿಗೆ 65,000 ಬಾಟ್ ಆದಾಯವಿರಬೇಕು. ಅನುಮತಿ ವರ್ಷಕ್ಕೊಮ್ಮೆ ನವೀಕರಣಗೊಳ್ಳಬೇಕು. 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. ಇಪ್ಪತ್ತು ವರ್ಷ ಬಾಳಿದರೂ ಕಾನೂನಿನ ಕಣ್ಣಿಗೆ ಅವರು ವರ್ಷದ ಅತಿಥಿಗಳೇ.

ಇನ್ನು ಹಣದ ಬೆಲೆ. 1997ರ ಜುಲೈ 2ರಂದು ಥಾಯ್ಲೆಂಡ್ ತನ್ನ ನಾಣ್ಯದ ಬಿಗಿ ದರವನ್ನು ಕೈಬಿಟ್ಟಿತು. ಡಾಲರಿಗೆ ಸುಮಾರು 25 ಇದ್ದ ಬಾಟ್, 1998ರ ಜನವರಿಯಲ್ಲಿ 50ನ್ನೂ ದಾಟಿ ಕುಸಿಯಿತು. ಥಾಯಿ ಜನ ಕೆಲಸ ಕಳೆದುಕೊಂಡ ಆ ದಿನಗಳಲ್ಲಿ ವಿದೇಶಿ ಪಿಂಚಣಿದಾರರ ಕೈಯಲ್ಲಿನ ದುಡ್ಡು ಇಮ್ಮಡಿಯಾಯಿತು. ಒಬ್ಬರ ಅಗ್ಗ ಇನ್ನೊಬ್ಬರ ಸಂಕಟ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಮುಂದೆ ಚಕ್ರ ತಿರುಗಿತು. 2006ರ ಆಸುಪಾಸಿನಲ್ಲಿ ಪೌಂಡಿಗೆ ಸುಮಾರು 70 ಬಾಟ್ ಸಿಗುತ್ತಿತ್ತು. 2016ರಲ್ಲಿ ಬ್ರಿಟನ್ನಿನ ಜನ ಯುರೋಪಿನ ಒಕ್ಕೂಟದಿಂದ ಹೊರಬರಲು ಮತ ಕೊಟ್ಟರು. ಆ ವರ್ಷದ ಕೊನೆಗೆ ಪೌಂಡು 45 ಬಾಟ್‌ಗಿಂತ ಕೆಳಗಿತ್ತು. ಹಿಂದೆ 930 ಪೌಂಡಿನಲ್ಲಿ ಮುಟ್ಟುತ್ತಿದ್ದ 65,000 ಬಾಟ್‌ನ ಗೆರೆಗೆ ಈಗ 1,400ಕ್ಕೂ ಹೆಚ್ಚು ಪೌಂಡು ಬೇಕಾಯಿತು. ಮುದುಕರ ತಪ್ಪೇನೂ ಇರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬೀಳುವುದು ತಾಯ್ನಾಡಿನಿಂದಲೇ. ಬ್ರಿಟನ್ ಸರ್ಕಾರ ತನ್ನ ಪಿಂಚಣಿಯನ್ನು ಪ್ರತಿವರ್ಷ ಹೆಚ್ಚಿಸುತ್ತದೆ. ಆದರೆ ಒಪ್ಪಂದವಿಲ್ಲದ ಎಷ್ಟೋ ದೇಶಗಳಲ್ಲಿ ನೆಲೆಸಿದವರಿಗೆ ಆ ಹೆಚ್ಚಳವಿಲ್ಲ. ಫಿಲಿಪ್ಪೀನ್ಸಿನಲ್ಲಿದ್ದರೆ ಉಂಟು, ಥಾಯ್ಲೆಂಡಿನಲ್ಲಿದ್ದರೆ ಇಲ್ಲ. 2000ದಲ್ಲಿ ಮೂಲ ಪಿಂಚಣಿ ವಾರಕ್ಕೆ 67 ಪೌಂಡು 50 ಪೆನ್ಸ್ ಇತ್ತು. 2024ರಲ್ಲಿ ಅದು 169 ಪೌಂಡು 50 ಪೆನ್ಸ್. ಪೂರ್ತಿ ಮೂಲ ಪಿಂಚಣಿ ಗಳಿಸಿ 2000ದಲ್ಲಿ ಚಿಯಾಂಗ್ ಮಾಯ್ ಸೇರಿ ಅಲ್ಲೇ ಉಳಿದವರಿಗೆ ಇಂದಿಗೂ ಹಳೆಯ 67 ಪೌಂಡೇ ಗತಿ. ಇಂಥವರು ಜಗತ್ತಿನಲ್ಲಿ ಸುಮಾರು ನಾಲ್ಕೂವರೆ ಲಕ್ಷ ಮಂದಿ. ಭಾರತವೂ ಈ ಪಟ್ಟಿಯಲ್ಲಿದೆ. ಹಾಗಾಗಿ ಬ್ರಿಟನ್ನಿನಲ್ಲಿ ದುಡಿದು, ಕೊನೆಗಾಲಕ್ಕೆ ಮೈಸೂರಿಗೋ ಮಂಗಳೂರಿಗೋ ಮರಳುವ ಕನ್ನಡಿಗರಿಗೂ ಇದೇ ನಿಯಮ. ಈ ಭೇದಭಾವದ ವಿರುದ್ಧದ ವ್ಯಾಜ್ಯ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಯಿತು. 2010ರ ಮಾರ್ಚಿನಲ್ಲಿ ಬಂದ ತೀರ್ಪು ಪಿಂಚಣಿದಾರರ ಪರವಾಗಿರಲಿಲ್ಲ.

ಆರೋಗ್ಯದ ಮಾತೂ ಹಾಗೆಯೇ. ಬ್ರಿಟನ್ನಿನ ಉಚಿತ ಚಿಕಿತ್ಸೆ ಅಲ್ಲಿ ವಾಸವಿರುವವರಿಗೆ. ಥಾಯ್ಲೆಂಡ್ 2002ರಲ್ಲಿ ದೇಶವ್ಯಾಪಿಯಾಗಿ ಜಾರಿಗೆ ತಂದ ಅಗ್ಗದ ಚಿಕಿತ್ಸಾ ಯೋಜನೆ ಅಲ್ಲಿನ ಪ್ರಜೆಗಳಿಗೆ. ನಡುವೆ ನಿಂತವರು ಸ್ವಂತ ಗಂಟನ್ನೇ ಬಿಚ್ಚಬೇಕು. 65ರಲ್ಲಿ ಹಗುರವಾಗಿದ್ದ ಈ ಹೊರೆ 80ರಲ್ಲಿ ಹೊರಲಾರದ್ದಾಗಬಹುದು. ಊರಿಗೆ ಮರಳೋಣವೆಂದರೆ ಅಲ್ಲಿದ್ದ ಮನೆ ಮಾರಿ ಹೋಗಿರುತ್ತದೆ.

ಹಾಗಾದರೆ ಹೋಗುವುದೇ ತಪ್ಪೇ? ಹಾಗೇನಿಲ್ಲ. ಚಳಿಯ ಕೋಣೆಯಲ್ಲಿ ಒಂಟಿಯಾಗಿ ಕೂರುವ ಬದಲು ಬಿಸಿಲಿನಲ್ಲಿ ನಾಲ್ಕು ಜನರೊಡನೆ ಹತ್ತು ವರ್ಷ ಬಾಳಿದರೆ ಅದೂ ಗಳಿಕೆಯೇ. ಆದರೆ ಅಗ್ಗ ಎನ್ನುವುದು ಆ ನೆಲದ ಗುಣವಲ್ಲ. ಅದು ಎರಡು ದೇಶಗಳ ನಡುವಿನ ಅಂತರ. ಆ ಅಂತರವನ್ನು ಹಿಗ್ಗಿಸುವವರೂ ಕುಗ್ಗಿಸುವವರೂ ಬೇರೆಯವರು. ಇಂದಿನ ಬೆಲೆಯನ್ನಷ್ಟೇ ನೋಡಿ ಹೊರಡುವವರು, ಇಪ್ಪತ್ತು ವರ್ಷದ ಮೇಲಿನ ಪಿಂಚಣಿಯನ್ನೂ ಕಾಯಿಲೆಯನ್ನೂ ಒಮ್ಮೆ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು.

ಚಿಯಾಂಗ್ ಮಾಯ್‌ನಲ್ಲಿ ಪಿಂಗ್ ನದಿಯ ಆಚೆ ಒಂದು ಸ್ಮಶಾನವಿದೆ. 1898ರಲ್ಲಿ ಚೂಳಾಲಂಕರಣ ದೊರೆ ವಿದೇಶಿಯರಿಗಾಗಿ ಕೊಟ್ಟ ಜಾಗವದು. ವಿದೇಶಿಯರು ಸಾಮಾನ್ಯವಾಗಿ ತಮ್ಮ ಹೆಸರಿಗೆ ನೆಲ ಕೊಳ್ಳಲಾಗದ ಆ ದೇಶದಲ್ಲಿ, ನವೀಕರಣದ ಕಾಗದವಿಲ್ಲದೆ ಅವರು ಉಳಿಯಬಹುದಾದ ನೆಲ ಅದೊಂದೇ ಇರಬೇಕು.