ಬಿಚ್ಚಿ ನೋಡುವ ರೈಲು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್‌ನವನು ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದುಕೊಂಡಿರಬಹುದು. ನಾನು ಮಾತಾಡುವುದು ಆಟಿಕೆ ರೈಲಿನ ಬಗ್ಗೆ. ನಮ್ಮ ಬ್ಯಾಚಿನವರು ಸೇರಿ ಶಾಲೆಯ ವಿಜ್ಞಾನ ಕೊಠಡಿಗೆ ಒಂದು ಮಾದರಿ ರೈಲು ಕೊಡಲು ಹಣ ಕೂಡಿಸಿದ್ದೇವೆ. ಸಿದ್ಧ ಸೆಟ್ಟನ್ನೇ ತಂದು ಗಾಜಿನ ಪೆಟ್ಟಿಗೆಯಲ್ಲಿ ಇಡೋಣ ಎಂದರು ಕೆಲವರು. ಬಿಡಿಭಾಗ ಕೊಟ್ಟು ಮಕ್ಕಳ ಕೈಯಲ್ಲೇ ಮಾಡಿಸೋಣ ಎಂದರು ಇನ್ನು ಕೆಲವರು. ವಾಟ್ಸಾಪ್ ಗುಂಪಿನಲ್ಲಿ ಎರಡು ವಾರ ಜಗಳವಾಯಿತು. ಆ ಜಗಳದಲ್ಲಿ ನನ್ನ ಪಾಲಿನ ಮಾತನ್ನು ಇಲ್ಲಿ ಹೇಳುತ್ತೇನೆ.

ಎಂಟನೇ ತರಗತಿಯಲ್ಲಿದ್ದಾಗ ಕೆಟ್ಟುಹೋದ ಟೇಪ್‌ರೆಕಾರ್ಡರ್ ಬಿಚ್ಚಿ, ಅದರ ಮೋಟಾರಿನಿಂದ ಒಂದು ರೈಲು ಮಾಡಿದೆ. ರಟ್ಟಿನ ಡಬ್ಬಿ, ಬಾಟಲಿ ಮುಚ್ಚಳದ ಗಾಲಿ, ರಬ್ಬರ್ ಬ್ಯಾಂಡ್. ಬ್ಯಾಟರಿ ಮುಟ್ಟಿಸಿದ್ದೇ ತಡ, ಅದು ಮೇಜಿನಿಂದ ಹಾರಿ ನೆಲಕ್ಕೆ ಬಿತ್ತು. ನನ್ನ ಸೋದರಮಾವ ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಟರ್ನರ್ ಆಗಿದ್ದವರು. ಜೀವನವಿಡೀ ಲೇತ್ ಜೊತೆ ಕಳೆದ ಕೈ. ಅವರು ನಕ್ಕು, "ಮೋಟಾರಿಗೆ ಓಡೋದಷ್ಟೇ ಗೊತ್ತು. ಎಳೆಯೋದನ್ನ ಹಲ್ಲುಗಾಲಿ ಕಲಿಸ್ಬೇಕು" ಎಂದರು. ಹತ್ತು ಹಲ್ಲಿನ ಗಾಲಿ ನಲವತ್ತು ಹಲ್ಲಿನ ಗಾಲಿಯನ್ನು ತಿರುಗಿಸಿದರೆ ವೇಗ ಕಾಲುಭಾಗಕ್ಕೆ ಇಳಿಯುತ್ತದೆ. ತಿರುಗಿಸುವ ಬಲ, ಘರ್ಷಣೆಯಲ್ಲಿ ಹೋಗುವುದನ್ನು ಬಿಟ್ಟರೆ, ನಾಲ್ಕು ಪಟ್ಟು ಆಗುತ್ತದೆ. ಅನುಪಾತದ ಲೆಕ್ಕವನ್ನು ನಾನು ಪರೀಕ್ಷೆಗೆ ಮೊದಲೇ ಬರೆದಿದ್ದೆ. ಅದು ಅರ್ಥವಾದದ್ದು ಮಾತ್ರ ಆ ಸಂಜೆ. ಮೂರು ಮೋಟಾರು ಸುಟ್ಟುಕೊಂಡ ಮೇಲೆ ನನ್ನ ರೈಲು ನಿಧಾನವಾಗಿ ಹೊರಟಿತು.

ಹಾಗಾದರೆ ಸಿದ್ಧ ಎಂಜಿನ್ ಬೇಡವೇ? ನಾನೂ ಬಹಳ ದಿನ ಹಾಗೆಯೇ ನಂಬಿದ್ದೆ. ಕೆಲಸ ಸಿಕ್ಕ ಮೇಲೆ ಆಸೆ ತಡೆಯದೆ ಒಂದು ವಿದೇಶಿ ಎಂಜಿನ್ ಕೊಂಡೆ. ಎಚ್‌ಒ ಎನ್ನುವ ಅಳತೆ, ಅಂದರೆ ನಿಜವಾದದ್ದರ 87ರಲ್ಲಿ ಒಂದು ಪಾಲು. ಹಳಿಗೆ ಇಟ್ಟು ಗುಂಡಿ ತಿರುಗಿಸಿದರೆ ಇರುವೆಯ ಹಾಗೆ ಹರಿಯಿತು. ನನ್ನ ರೈಲು ಒಂದು ದಿನವೂ ಹಾಗೆ ಹೋಗಿರಲಿಲ್ಲ. ಯಾಕೆ ಎಂದು ಬಿಚ್ಚಿದೆ. ಒಳಗೆ ಲೋಹದ ದಪ್ಪ ತುಂಡು ಇತ್ತು; ಭಾರವಿಲ್ಲದಿದ್ದರೆ ಗಾಲಿ ಹಳಿಯನ್ನು ಹಿಡಿಯುವುದಿಲ್ಲ. ವಿದ್ಯುತ್ತನ್ನು ಎರಡು ಗಾಲಿಯಿಂದಲ್ಲ, ಹಲವು ಗಾಲಿಗಳಿಂದ ಎತ್ತಿಕೊಳ್ಳುತ್ತಿತ್ತು. ಒಂದರ ಕೆಳಗೆ ಧೂಳು ಬಂದರೂ ಇನ್ನೊಂದು ಕಾಯುತ್ತದೆ. ಒಳ್ಳೆಯದು ಹೇಗಿರುತ್ತದೆ ಎಂದು ಆ ಸಿದ್ಧ ಎಂಜಿನ್ ತೋರಿಸಿತು. ಅದು ನನಗೆ ಎರಡನೇ ಗುರು. ಆದರೆ ಮುಚ್ಚಳ ತೆಗೆದ ಮೇಲೇ ಅದು ಪಾಠ ಹೇಳಿದ್ದು. ಒಂದು ವರ್ಷದ ನಂತರ ಅದೂ ನಿಂತುಹೋಯಿತು. ಅಚ್ಚಿಗೆ ತಲೆಗೂದಲು ಸುತ್ತಿತ್ತು. ಮಾವ ಕಲಿಸಿರದಿದ್ದರೆ 'ಕೆಟ್ಟಿತು' ಎಂದು ಪೆಟ್ಟಿಗೆಗೆ ಹಾಕಿ ಅಟ್ಟಕ್ಕೆ ಏರಿಸುತ್ತಿದ್ದೆ.

ಇನ್ನೊಂದು ಮಾತು. ದಾವಣಗೆರೆಯ ರೈಲು ಯಾವ ಅಂಗಡಿಯಲ್ಲೂ ಸಿದ್ಧವಾಗಿ ಸಿಗುವುದಿಲ್ಲ. ಎಚ್‌ಒ ಹಳಿಯ ಅಗಲ 16.5 ಮಿ.ಮೀ. ಅದು ಯುರೋಪಿನ 1435 ಮಿ.ಮೀ. ಹಳಿಯ ಲೆಕ್ಕ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ.; ಅದನ್ನು 87ರಿಂದ ಭಾಗಿಸಿದರೆ 19 ದಾಟುತ್ತದೆ. ನಮ್ಮೂರಲ್ಲಿ ತೊಂಬತ್ತರ ದಶಕದವರೆಗೆ ಇದ್ದದ್ದು ಮೀಟರ್‌ಗೇಜ್. ಅದಕ್ಕೆ ಸುಮಾರು 11.5 ಮಿ.ಮೀ. ಬೇಕು. ನಮ್ಮಪ್ಪ ದಿನಾ ಹರಿಹರಕ್ಕೆ ಹೋಗಿಬರುತ್ತಿದ್ದ ಆ ಮೀಟರ್‌ಗೇಜ್ ರೈಲನ್ನು ಅವರಿಗೆ ಮತ್ತೊಮ್ಮೆ ತೋರಿಸುವ ಆಸೆ ನನಗೆ. ಸ್ವಿಟ್ಜರ್ಲೆಂಡ್‌ನಲ್ಲಿ ಇಂದಿಗೂ ಮೀಟರ್‌ಗೇಜ್ ಇದೆ, ಅದಕ್ಕೆ 12 ಮಿ.ಮೀ. ಹಳಿಯ ಮಾದರಿಗಳಿವೆ. ಅಲ್ಲಿನ ಎಂಜಿನ್ನಿನ ಮೇಲುಹೊದಿಕೆ ತೆಗೆದು, ವೈಡಿಎಂ-4 ಡೀಸೆಲ್ ಎಂಜಿನ್ನಿನ ರೂಪವನ್ನು ರಟ್ಟಿನಲ್ಲಿ ಕತ್ತರಿಸಿ ಕೂರಿಸಿದೆ. ಅಸಲಿಗೆ ಆರು ಅಚ್ಚು, ನನ್ನದಕ್ಕೆ ನಾಲ್ಕೇ. ಅಪ್ಪ ಕನ್ನಡಕ ಏರಿಸಿ ನೋಡಿ, "ಬಣ್ಣ ಇಷ್ಟು ಹೊಳೀತಿರಲಿಲ್ಲ ಕಣಪ್ಪ" ಎಂದರು. ಅಚ್ಚು ಎಣಿಸಲಿಲ್ಲ. ಮತ್ತೆ ಮತ್ತೆ ಓಡಿಸು ಎಂದರು. ಆ ರೈಲಿನಲ್ಲಿ ಅರ್ಧ ಕೊಂಡದ್ದು, ಅರ್ಧ ಮಾಡಿದ್ದು. ಎರಡರಲ್ಲಿ ಒಂದು ಇಲ್ಲದಿದ್ದರೂ ಅದು ಅಪ್ಪನ ಮುಂದೆ ಓಡುತ್ತಿರಲಿಲ್ಲ.

ಆದ್ದರಿಂದ ಗೆಳೆಯರೇ, ನನ್ನ ಸಲಹೆ ಇಷ್ಟು. ಒಂದೇ ಒಂದು ಒಳ್ಳೆಯ ಸಿದ್ಧ ಎಂಜಿನ್ ತರೋಣ. ಗಾಜಿನ ಪೆಟ್ಟಿಗೆ ಬೇಡ, ಪಕ್ಕದಲ್ಲಿ ಸ್ಕ್ರೂಡ್ರೈವರ್ ಇಡೋಣ. ಉಳಿದ ಹಣಕ್ಕೆ ಮೋಟಾರು, ಹಲ್ಲುಗಾಲಿ, ವೈರು, ಸೋಲ್ಡರಿಂಗ್ ಐರನ್, ಮಲ್ಟಿಮೀಟರ್ ಬರಲಿ. ಹಳಿಯಲ್ಲಿ ಹರಿಯುವುದು 12 ವೋಲ್ಟ್, ಭಯವಿಲ್ಲ. ಗೋಡೆಯ ಪ್ಲಗ್ಗಿಗೆ ಹಾಕುವ ಅಡಾಪ್ಟರನ್ನು ಮಾತ್ರ ಮಕ್ಕಳು ಬಿಚ್ಚಬಾರದು.

ಗುರುಗಳ ಕಷ್ಟವೂ ನನಗೆ ಗೊತ್ತು. ದಾಸ್ತಾನು ಪುಸ್ತಕಕ್ಕೆ ಏರಿದ ವಸ್ತು ಮುರಿದರೆ ಉತ್ತರ ಹೇಳಬೇಕಾದವರು ನೀವು. ಬೀರುವಿಗೆ ಬೀಗ ಬೀಳುವುದು ಜಿಪುಣತನದಿಂದಲ್ಲ, ಈ ಭಯದಿಂದ. ಅದಕ್ಕೇ ನಮ್ಮ ದಾನಪತ್ರದಲ್ಲಿ ಬರೆದುಕೊಡೋಣ: ಇವೆಲ್ಲ ಬಳಸಿ ಮುಗಿಸುವ ಸಾಮಾನು, ಮುರಿದರೆ ಯಾರನ್ನೂ ಕೇಳುವಂತಿಲ್ಲ, ಪ್ರತಿ ವರ್ಷ ನಮ್ಮ ಬ್ಯಾಚು ತುಂಬಿಕೊಡುತ್ತದೆ. ಆ ಹೊಣೆಗೆ ಮೊದಲ ಹೆಸರು ನನ್ನದು.

ಮಕ್ಕಳೇ, ನಿಮಗೆ ಒಂದೇ ಕೆಲಸ. ಒಂದು ನೋಟ್‌ಬುಕ್ ಇಡಿ. ಏನು ಕೆಟ್ಟಿತು, ಯಾಕೆ ಕೆಟ್ಟಿತು, ಯಾರು ಸರಿ ಮಾಡಿದರು ಎಂದು ಬರೆಯಿರಿ. ಮುಂದಿನ ವರ್ಷ ಬಂದಾಗ ನಾನು ಮೊದಲು ಕೇಳುವುದು ರೈಲನ್ನಲ್ಲ, ಆ ಪುಸ್ತಕವನ್ನು.